ಹಾರ್ಸಂಗಿಲ್ಲ

ಮಂದ್ರೂಪದಿಂದ ಸೀರೆ ವಾಪಸು ಬರಲಿದೆ ಎಂದು ಸುಗಲಾಬಾಯಿ ನಮ್ಮ ಹೊಸ್ತಿಲ ಹೊರಗೆ ನಿಂತೇ ಹೇಳಿದಳು. ತಪ್ಪು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸುಗಲಾಬಾಯಿ ಅಕ್ಕಲಕೋಟೆಯ ಹೊರಗಿನ ಕುರಿಹಟ್ಟಿಯಿಂದ ನಮ್ಮ ಮನೆಗೆ ಬೆಣ್ಣೆ ತರುವವಳು. ಅವಳ ಒಬ್ಬನೇ ಮಗ ಅಮೋಗಸಿದ್ಧ ಫೌಜಿನಲ್ಲಿದ್ದಾನೆ. ಹೋದ ವರ್ಷ, ಐವತ್ತಾರರ ಕೊನೆಗೆ, ಸುವೇಜ್ ಕಾಲುವೆಯ ಯುದ್ಧ ನಿಂತಾಗ ವಿಶ್ವಸಂಸ್ಥೆಯವರು ಹೊಸದೊಂದು ಶಾಂತಿ ಪಡೆ ಕಟ್ಟಿದರು. ಅದಕ್ಕೆ ನಮ್ಮ ದೇಶ ಕಳಿಸಿದ ಪಲ್ಟಣದಲ್ಲಿ ಅವನೂ ಹೋದ. ಈಗ ಗಾಝಾ ಎಂಬಲ್ಲಿ ಇದ್ದಾನೆ. ಹೋಗುವ ಮೊದಲೇ ಮಂದ್ರೂಪದ ಅಣ್ಣಾರಾಯರ ಮಗಳು ದ್ರೌಪದಿಯೊಂದಿಗೆ ಅವನ ಸಂಬಂಧ ಗಟ್ಟಿಯಾಗಿತ್ತು. ಸಕ್ಕರೆ ಹಂಚಿ, ಹುಡುಗಿಗೆ ಸೀರೆ ಕೊಟ್ಟು ಬಂದಿದ್ದರು.

ಅವನ ಕಾಗದ ಓದಿ ಹೇಳುವ ಕೆಲಸ ನನ್ನದು. ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇನೆ. ಮಕ್ಕಳೆದುರು ಬಿಟ್ಟರೆ ಬೇರೆಯವರೆದುರು ನನ್ನ ದನಿ ಗಂಟಲು ದಾಟುವುದಿಲ್ಲ. ಮಾತೆಲ್ಲ ದಿನಚರಿಯ ಪುಟಗಳಿಗೆ ಮೀಸಲು.

ಶ್ರಾವಣದಲ್ಲಿ ಬಂದ ಕಾಗದವನ್ನು ನಮ್ಮ ಪಡಸಾಲೆಯಲ್ಲಿ ಓದಿದಾಗ ಅಣ್ಣಾರಾಯರೂ ಇದ್ದರು. ಸಂತೆಗೆ ಬಂದವರು ಬೀಗಿತಿ ಸುಗಲಾಬಾಯಿಯ ಜೊತೆ ಬಂದು ಕೂತಿದ್ದರು. ಗಂಡಸರೆದುರು ನನಗೆ ಗಾಬರಿ. ತಲೆ ಎತ್ತದೆ ಓದಿದೆ: "ನಾವು ಇಲ್ಲಿ ಯಾರ ಮ್ಯಾಲೂ ಗುಂಡ ಹಾರ್ಸಂಗಿಲ್ಲ. ಕಲ್ಲ ಒಗದ್ರೂ ಹಾರ್ಸಂಗಿಲ್ಲ."

ನಮ್ಮ ಕಡೆಯ ಮಾತಿನಲ್ಲಿ ಹಾರ್ಸಂಗಿಲ್ಲ ಎಂದರೆ ಹಾರಿಸಕೂಡದು ಎಂದೂ ಆಗುತ್ತದೆ, ಹಾರಿಸುವುದಿಲ್ಲ ಎಂದೂ ಆಗುತ್ತದೆ. ಹೇಳುವವನ ದನಿಯ ಏರಿಳಿತದಲ್ಲಿ ಯಾವುದೆಂದು ತಿಳಿಯುತ್ತದೆ. ನಾನು ಓದಿದ್ದರಲ್ಲಿ ಏರೂ ಇರಲಿಲ್ಲ, ಇಳಿತವೂ ಇರಲಿಲ್ಲ.

"ಅಂದ್ರ ಹುಡುಗ ಅಂಜತಾನ," ಎಂದು ಅಣ್ಣಾರಾಯರು ಎದ್ದು ರುಮಾಲು ಸರಿಮಾಡಿಕೊಂಡರು. ಹಾಗಲ್ಲರಿ, ಅದು ಅವನಿಗೆ ಮೇಲಿನವರು ಕೊಟ್ಟ ಹುಕುಂ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಚಪ್ಪಲಿ ಮೆಟ್ಟಿ ಓಣಿ ದಾಟುವವರೆಗೂ ಅಲ್ಲಿಯೇ ಇತ್ತು.

ಈಗ ಕಾರ್ತಿಕ.

"ಕಾವಲ ನಾಯಿನೂ ಬೊಗಳತೈತಿ, ಗುಂಡ ಹಾರ್ಸದ ಸಿಪಾಯಿಗಿ ಯಾರ ಹೆಣ್ಣ ಕೊಡ್ತಾರ ಅಂದಾನಂತ್ರಿ ಅಣ್ಣಾರಾಯ, ಅಕ್ಕಾರ," ಎಂದಳು ಸುಗಲಾಬಾಯಿ. "ನನ್ನ ಮಗಾ ತ್ವಾಳದ ಬಾಯಾಗಿನ ಮರಿ ಕಸಕೊಂಡಾಂವ. ಅಂವ ಅಂಜತಾನ?" ಸೆರಗಿನ ಗಂಟಿನಿಂದ ಹೊಸ ಕಾಗದವೊಂದನ್ನು ತೆಗೆದಳು. ಒಡೆಯಲು ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಂಡಳು. "ಇಲ್ಲಿ ಬ್ಯಾಡ್ರಿ. ಮಂದ್ರೂಪಕ್ಕ ಹೋಗೂಣು, ಅವನ ಅಂಗಳದಾಗ ಒಡದು ಓದ್ರಿ. ಒಳಗ ಏನರ ಇರ್ಲಿ. ನಾವ ತಿದ್ದಿ ತಂದೀವಿ ಅನಬಾರದು."

ಒಳಗೆ ಕೂತಿದ್ದ ನನ್ನಜ್ಜಿ ಗೋದೂಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. "ಶಾಂತಿ ಪಡೆ ಅಂತೀರಿ. ಯಾರ ನಕ್ಷತ್ರ ಕೆಟ್ಟಿತ್ತವ್ವಾ ಅಲ್ಲಿ? ಶಾಂತಿ ಮಾಡಸ್ಲಿಕ್ಕೆ ಭಟ್ಟರನ್ನ ಬಿಟ್ಟು ಇವಳ ಮಗನ್ನ ಯಾಕ ಕರಕೊಂಡು ಹೋದ್ರು?"

"ಭಟ್ಟರು ದಕ್ಷಿಣಿ ಭಾಳ ಕೇಳ್ತಾರವಾ," ಎಂದರು ಕೋರ್ಟಿನಿಂದ ಆಗಷ್ಟೇ ಬಂದ ಅಪ್ಪ. ನನ್ನ ಕಡೆ ತಿರುಗಿ, "ಚಂದ್ರಾ, ರವಿವಾರ ಸಾಲಿ ಇಲ್ಲಲ್ಲ. ಹೋಗಿ ಬಾ," ಎಂದರು. ಬರುವುದಿಲ್ಲ ಅನ್ನಲಿಕ್ಕೂ ಧೈರ್ಯ ಬೇಕಲ್ಲ, ಅದೂ ನನ್ನಲ್ಲಿ ಇರಲಿಲ್ಲ. ಅವತ್ತು ಕೂತು, ಆ ಪಡೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿ ದಿನಚರಿಯಲ್ಲಿ ಬರೆದಿಟ್ಟುಕೊಂಡದ್ದನ್ನೆಲ್ಲ ಮತ್ತೊಮ್ಮೆ ಓದಿದೆ.

ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ ವಿಜಾಪುರ ರಸ್ತೆ ಹಿಡಿದೆವು. ಎರಡೂ ಬದಿಗೆ ಮೊಣಕಾಲೆತ್ತರದ ಜೋಳ. ಸುಗಲಾಬಾಯಿ ಇಡೀ ದಾರಿ ಕಾಗದವಿದ್ದ ಸೆರಗಿನ ಗಂಟನ್ನು ಮುಷ್ಟಿಯಿಂದ ಬಿಡಲಿಲ್ಲ.

ಅಣ್ಣಾರಾಯರ ಅಂಗಳದಲ್ಲಿ ಏಳೆಂಟು ಮಂದಿ ಕೂತಿದ್ದರು. ಕಂಬಕ್ಕೆ ಒರಗಿಸಿ ಒಂದು ಬಟ್ಟೆಯ ಗಂಟು ಇಟ್ಟಿತ್ತು. ಅದರಲ್ಲಿ ಸೀರೆ ಇದೆ ಎಂದು ಯಾರೂ ಹೇಳಬೇಕಿರಲಿಲ್ಲ. ಅಣ್ಣಾರಾಯರ ಮುದಿ ತಾಯಿ ಸಕ್ಕುಬಾಯಿ ಗೋಡೆಯ ಬದಿಗೆ ಕಂಬಳಿ ಹೊದ್ದು ಕೂತಿದ್ದಳು. ಬಾಗಿಲ ಹಿಂದೆ ಬಳೆಯ ಸದ್ದು.

"ಬರ್ರಿ ಅಕ್ಕಾರ. ಬಿಸಲಾಗ ಬಂದೀರಿ, ನೀರ ಕುಡೀರಿ," ಎಂದರು ಅಣ್ಣಾರಾಯರು. ಸುಗಲಾಬಾಯಿಯನ್ನು ನೋಡಲಿಲ್ಲ.

"ನೀರ ಆಮ್ಯಾಲ. ಮೊದಲ ಕಾಗದ," ಎಂದಳು ಸುಗಲಾಬಾಯಿ.

ಒಡೆದು ಓದತೊಡಗಿದೆ.

"ಅವ್ವಗ ಅಮೋಗಸಿದ್ಧನ ಶರಣು. ಇಲ್ಲಿ ಈ ಕಡಿ ಅರಬರ ಹೊಲ, ಆ ಕಡಿ ಇಸ್ರೇಲದವರ ಹೊಲ, ನಡಕ ನೆಲದಾಗ ತಗ್ಗ ತೋಡಿ ಎಳದ ಒಂದ ಗೆರಿ. ಹಗಲ ಒಂದ ಚೌಕಿಗೆ ಇನ್ನೊಂದ ಚೌಕಿ ಕಾಣೂವಂಗ ನಿಂದರತೇವ, ಕತ್ತಲಾದ್ರ ನಡದು ಗಸ್ತಿ ತಿರಗತೇವ. ತಲಿಗಿ ನೀಲಿ ಟೊಪ್ಪಿಗಿ, ದೂರಿಂದನ ಎರಡೂ ಕಡಿಯವ್ರಿಗೆ ಗುರತ ಹತ್ಲಿ ಅಂತ. ದವಾಖಾನಿ ನಾರ್ವೆದವರು ನೋಡತಾರ, ಸಾಮಾನ ಕೆನಡಾದವರ ಗಾಡಿಯಾಗ ಬರತೈತಿ. ಒಬ್ಬರ ಮಾತ ಒಬ್ಬರಿಗೆ ತಿಳ್ಯಾಂಗಿಲ್ಲ, ನಡೀತೈತಿ.

"ಹೋದ ತಿಂಗಳ ಒಬ್ಬ ಮುದುಕನ ಹನ್ನೊಂದ ಕುರಿ ಗೆರಿ ದಾಟಿದವು. ಮುದುಕ ಬೆನ್ನ ಹತ್ತಿದ. ಆ ಕಡಿ ಬಂದೂಕ ಎತ್ತಿದರು, ಈ ಕಡಿ ಹುಡುಗರು ಕಲ್ಲ ಎತ್ತಿದರು. ನಾ ಬಂದೂಕ ಬೆನ್ನಿಗಿ ಹಾಕ್ಕೊಂಡು ಓಡಿಹೋಗಿ ಮುದುಕನ್ನ ತಡದು ಗೆರಿ ಮ್ಯಾಲ ನಿಂತೆ, ಎರಡೂ ಕೈ ಅಗಲ ಮಾಡಿ. ಒಂದ ಕಲ್ಲ ಬಂದು ಹಣಿಗಿ ಬಡೀತು. ಗೆರಿ ದಾಟಿ ಕುರಿ ತರಾಕ ನನಗೂ ಬರಂಗಿಲ್ಲ. ಕುರೀನ ಕರಿ ಅಂತ ಮುದುಕಗ ಕೈಸನ್ನಿ ಮಾಡಿದೆ. ಅಂಜಿ ಅವನ ದನೀನ ಹೊರಡ್ಲಿಲ್ಲ. ಆಗ ನಾನ ನಮ್ಮ ಹಟ್ಟಿಯಾಗ ಕರದಂಗ ಕರದೆ. ಒಂದ ಕುರೀನೂ ತಿರಗಿ ನೋಡ್ಲಿಲ್ಲ."

ಕೂತವರಲ್ಲಿ ಯಾರೋ ಕಿಸಕ್ಕೆಂದರು. "ಕುರಿಗೂ ಕನ್ನಡ ಬರಬೇಕಲ್ಲೋ," ಎಂದ ಇನ್ನೊಬ್ಬ.

"ಅದನ್ನ ಕೇಳಿ ಮುದುಕಗ ನಗಿ ಬಂತು. ನಗಿ ಬಂದಮ್ಯಾಲ ದನಿ ಬಂತು. ಅಂವ ಕರದ. ಹನ್ನೊಂದೂ ಹೊಳ್ಳಿ ಬಂದವು. ಆ ಕಡಿಯವರು ಬಂದೂಕ ಇಳಿಸಿದರು. ನಾ ಗುಂಡ ಹಾರ್ಸಲಿಲ್ಲ. ಹಾರ್ಸಂಗಿಲ್ಲ."

"ಕೇಳಿದ್ರೇನು?" ಅಣ್ಣಾರಾಯರು ಸುತ್ತ ನೋಡಿದರು. "ಮತ್ತ ಅದ ಮಾತು. ಹಣಿ ಒಡಕೊಂಡ, ಹಾರ್ಸಂಗಿಲ್ಲಂತ."

ಸುಗಲಾಬಾಯಿ ನನ್ನನ್ನು ನೋಡಿದಳು. ಕಂಬದ ಬಳಿಯ ಗಂಟು ಅಲ್ಲಿಯೇ ಇತ್ತು. ಕಾಗದ ಕೆಳಗಿಟ್ಟು ತಲೆ ಎತ್ತಿದೆ.

"ಅದು ಅಂಜಿಕಿ ಮಾತಲ್ಲರಿ," ಎಂದೆ. "ಅದು ಹುಕುಮ್. ಹಾರ್ಸಬಾರದು ಅಂತ ಅವಗ ಹುಕುಮ್ ಅದ. ಶ್ರಾವಣದಾಗ ನಾ ಸರಿಯಾಗಿ ಓದಲಿಲ್ಲ. ತಪ್ಪು ನಂದು, ಅವಂದಲ್ಲ."

ಅಣ್ಣಾರಾಯರು ನನ್ನ ಕಡೆ ತಿರುಗಿದರು.

"ಯಾರ ಹುಕುಮ್ರಿ? ಯಾವ ರಾಜಾಂದು?"

"ರಾಜಾ ಇಲ್ಲರಿ. ಹತ್ತು ದೇಶ ತಮ್ಮ ತಮ್ಮ ಪಲ್ಟಣ ಕೊಟ್ಟಾವ, ಹತ್ತು ಮನಿಯವರು ಬುತ್ತಿ ತಂದು ಒಂದ ಕಡೆ ಕೂತಂಗ. ಎಲ್ಲಾರ ಮ್ಯಾಲೆ ಕೆನಡಾದವನೊಬ್ಬ ಜನರಲ್. ಭಾಳ ದೊಡ್ಡ ದೇಶ ಐದು ಅವಲ್ಲ, ಅವರ ಒಬ್ಬ ಸಿಪಾಯಿನೂ ಅದರಾಗಿಲ್ಲ, ಬೇಕಂತನೇ ತಗೊಂಡಿಲ್ಲ. ನಮ್ಮವರನ್ನ ತಗೊಂಡಾರ. ಜೀವಕ್ಕ ಬಂದ್ರ ಅಷ್ಟ ಗುಂಡು, ಇಲ್ಲಂದ್ರ ಇಲ್ಲ. ಅವರು ಯುದ್ಧ ಗೆಲ್ಲಲಿಕ್ಕೆ ಹೋಗಿಲ್ಲರಿ. ಇಬ್ಬರ ನಡುವ ನಿಂದರಲಿಕ್ಕೆ ಹೋಗ್ಯಾರ."

"ಎರಡೂ ಕಡಿಯವರು ಒಪ್ಯಾರೇನು?"

ಇದಕ್ಕೆ ಸುಳ್ಳು ಹೇಳಬಹುದಿತ್ತು. "ಇಲ್ಲರಿ. ಈಜಿಪ್ತದವರು ಒಪ್ಪಿದರು. ಇಸ್ರೇಲದವರು ನಮ್ಮ ನೆಲದಾಗ ಬ್ಯಾಡ ಅಂದ್ರು. ಅದಕ್ಕ ಗೆರಿಯ ಒಂದ ಬದಿಗೇ ನಿಂತಾರ."

"ಅಂದ್ರ ಅರ್ಧಾ ಕೆಲಸ."

"ಅರ್ಧಾನೇ. ಆದ್ರ ಮೊದಲು ಆ ಗೆರಿ ಮ್ಯಾಲೆ ಮಂದಿ ಸಾಯೂದು ನಿಂತಿರಲಿಲ್ಲ. ಈಗ ಗೆರಿ ತನಕ ಬಿತ್ತಿ ಬೆಳೀಲಿಕ್ಕೆ ಹತ್ಯಾರಂತ. ಅರ್ಧಾ ನಿಂತದ್ದಕ್ಕ ಇಷ್ಟು."

ಇಷ್ಟು ಮಾತು ಹಿಂದೆಂದೂ ಒಮ್ಮೆಲೇ ಆಡಿದ್ದು ನೆನಪಿಲ್ಲ. ಬಂದಾಗ ಕೊಟ್ಟಿದ್ದ ನೀರನ್ನು ಈಗ ಕುಡಿದೆ.

ಆಗ ಗೋಡೆಯ ಬದಿಯಿಂದ ಸಕ್ಕುಬಾಯಿ ಕೇಳಿದಳು: "ಅಣ್ಣಾ, ನಿಮ್ಮಪ್ಪನ ಕಾಲಕ್ಕ ಕುರಿ ಮೇಸೂ ಸಲವಾಗಿ ಎರಡೂ ಹಟ್ಟಿಯವರು ಬಡಿಗಿ ಎತ್ತಿ ನಿಂತಿದ್ರಲ್ಲ. ಬೀರೋಬಾನ ಪೂಜಾರಿ ಹಣಿ ತುಂಬ ಅರಿಷಿಣದ ಭಂಡಾರ ಬಳಕೊಂಡು ನಡಕ ಬಂದು ನಿಂತ. ಅವನ ಕೈಯಾಗ ಏನಿತ್ತು?"

"ಏನೂ ಇರ್ಲಿಲ್ಲವಾ."

"ಬಡಿಗಿ ಹಿಡದು ಬಂದಿದ್ರ?"

ಅಣ್ಣಾರಾಯರು ಹೇಳಿದರು: "ಬಡಿಗಿ ಹಿಡದಿದ್ರ ಅಂವ ಪೂಜಾರಿ ಅಲ್ಲ, ಮೂರನೇ ಹಟ್ಟಿಯಾಂವ."

"ಅವತ್ತ ಅವಗೂ ಒಂದ ಏಟ ಬಿದ್ದಿತ್ತು. ಅಂಜುಬುರುಕ ಅಂದ್ರೇನು ಯಾರರ? ಇಂದಿಗೂ ಅವನ ಮನಿಯವರಿಗೆ ಎದ್ದು ನಿಂತು ಶರಣ ಮಾಡತೀ. ಈ ಹುಡುಗಂದೂ ಅದ ಕೆಲಸ. ಇವನ ಭಂಡಾರ ನೀಲಿ ಐತಿ, ಅಷ್ಟ."

ಬೆಣ್ಣೆ ಮಾರಿ ಬದುಕುವ ಸುಗಲಾಬಾಯಿ ಆ ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ನಾನು ಮರೆಯುವುದಿಲ್ಲ. ಹತ್ತು ದೇಶಗಳು ಸೇರಿ ಕಟ್ಟಿದ ಪಡೆಯಲ್ಲಿ ಒಬ್ಬ ಅವಳ ಹಟ್ಟಿಯವನು.

ಅಣ್ಣಾರಾಯರು ಬಹಳ ಹೊತ್ತು ಅಂಗೈಯಲ್ಲಿ ತಂಬಾಕು ತಿಕ್ಕಿದರು. ಆಮೇಲೆ, "ಹನ್ನೊಂದರಾಗ ಟಗರ ಮುಂದ ಬಂತೇನ್ರಿ, ಹಿಂದ?" ಎಂದು ಕೇಳಿದರು.

"ಅದು ಬರದಿಲ್ಲರಿ."

"ಕೇಳಿ ಬರೀರಿ. ಕುರಿ ಕಾಯಾಂವ ಅದನ್ನ ಹೆಂಗ ಬಿಟ್ಟ? ಹಾಂ, ಬರಕೋರ್ರಿ ಅಕ್ಕಾರ." ದನಿ ಎತ್ತರಿಸಿದರು. "ಅಮೋಗಸಿದ್ಧಗ ಅಣ್ಣಾರಾಯನ ಶರಣು. ಹುಕುಮ್ ಇರೂತನಾ ಗುಂಡ ಹಾರ್ಸಬ್ಯಾಡ. ಪಾಳಿ ಮುಗಿಸಿ ಮಾಘದಾಗ ಬಾ. ಲಗ್ನದ ಅಕ್ಕಿಕಾಳು ನಮ್ಮ ಅಂಗಳದಾಗ. ಬೀಗಿತಿ, ನಡೀತೈತಲ್ಲ?"

"ನೋಡೂಣು," ಎಂದಳು ಸುಗಲಾಬಾಯಿ. ಎಲ್ಲರೂ ನಕ್ಕರು.

ದ್ರೌಪದಿ ಹೊರಗೆ ಬಂದು ಕಂಬದ ಬಳಿಯ ಗಂಟನ್ನು ಎತ್ತಿಕೊಂಡಳು. ಒಳಗೆ ಹೋಗುವಾಗ ನನ್ನ ಹತ್ತಿರ ಬಗ್ಗಿ, "ಹಣೀ ಗಾಯ ಮಾಸೇತೇನು ಅಂತ ಕೇಳ್ರಿ," ಎಂದಳು. ಅದನ್ನೂ ಬರೆದೆ.

"ಒಮ್ಮಿ ಓದ್ರಿ, ಎಲ್ಲಾರೂ ಕೇಳ್ಲಿ," ಎಂದರು ಅಣ್ಣಾರಾಯರು.

ಎದ್ದು ನಿಂತು ಓದಿದೆ. ದ್ರೌಪದಿಯ ಸಾಲನ್ನಷ್ಟೇ ಮನಸ್ಸಿನಲ್ಲಿ ಓದಿಕೊಂಡೆ. ಉಳಿದದ್ದು ಆಚೆಯ ದೊಡ್ಡಿಯಲ್ಲಿ ಕುರಿಗೆ ನೀರು ಕುಡಿಸುತ್ತಿದ್ದವರಿಗೂ ಕೇಳಿಸಿತಂತೆ.