ಬದಲಿ ಮೂಗು

ಅಕ್ಕತಂಗಿಯರಿಬ್ಬರಿಗೂ ಬುದ್ಧಿ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬುದ್ಧಿ ಇತ್ತು, ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಆ ಹೆಚ್ಚಿನ ಹಿಡಿಯೇ ಮುಳುವಾಯಿತು ಎಂಬುದು ಬೇರೆ ಮಾತು.

ಇಬ್ಬರೂ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಹೋಟೆಲುಗಳ ಹಾಸು ಹೊದಿಕೆ, ಟವೆಲ್ಲು, ಮೇಜಿನ ಬಟ್ಟೆ ಎಲ್ಲ ಲಾರಿಯಲ್ಲಿ ಬಂದು ಬೀಳುವ ಜಾಗ ಅದು. ಅಕ್ಕ ಬಟ್ಟೆ ಮಡಿಸುವ ಮೇಜಿನಲ್ಲಿ, ತಂಗಿ ಇಸ್ತ್ರಿ ಯಂತ್ರದ ಮುಂದೆ. ಒಳಗೆ ಸದಾ ಆವಿ, ಕಣ್ಣಲ್ಲಿ ನೀರು ತರಿಸುವ ಬ್ಲೀಚಿನ ಘಾಟು. ಹೆಂಗಸರಿಗೆಲ್ಲ ಒಂದೇ ನೀಲಿ ಕೋಟು, ಒಂದೇ ಟೋಪಿ. ಕೊರೊನಾ ಎಂಬ ಹೆಸರು ಕೇಳುವ ಎಷ್ಟೋ ಮುಂಚಿನಿಂದ ಅಲ್ಲಿ ಎಲ್ಲರ ಮುಖಕ್ಕೂ ಬಟ್ಟೆ. ಮೇಸ್ತ್ರಿಗೆ ಒಬ್ಬಳ ಮುಖವೂ ನೆಟ್ಟಗೆ ಗೊತ್ತಿರಲಿಲ್ಲ. "ಏ ಮಡಿಸೋಳೇ", "ಏ ಇಸ್ತ್ರಿ" ಎಂದು ಕೆಲಸ ಹಿಡಿದೇ ಕೂಗುತ್ತಿದ್ದ.

ಅವನ ಈ ಕುರುಡುತನದ ನೆರಳಲ್ಲೇ ಲಾಂಡ್ರಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅದಕ್ಕೆ ಬದಲಿ ಎಂದು ಹೆಸರು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯವರು ಬಂದು ರಕ್ತ ತೆಗೆದು, ಎದೆಯ ಫೋಟೋ ಹಿಡಿದು ಹೋಗುತ್ತಿದ್ದರು. ಸಕ್ಕರೆ ಕಾಯಿಲೆಯೋ ಎದೆಯ ಕಾಯಿಲೆಯೋ ಸಿಕ್ಕಿಬಿದ್ದರೆ ಆ ಹೆಂಗಸು ಮಾರನೆಯ ದಿನದಿಂದ ಮನೆಯಲ್ಲಿ. ಹಾಗಾಗಿ ಗಟ್ಟಿಮುಟ್ಟಾಗಿದ್ದವಳು ಸಾಲಿನಲ್ಲಿ ಮತ್ತೆ ಮತ್ತೆ ನಿಂತು, ಒಂದೊಂದು ಸಲ ಒಬ್ಬೊಬ್ಬಳ ಹೆಸರು ಹೇಳಿ ತೋಳು ಚಾಚುತ್ತಿದ್ದಳು. ಲಾಂಡ್ರಿಯ ಗಟ್ಟಿಮುಟ್ಟು ಎಂದರೆ ತಂಗಿಯೇ. ಅವಳಿಗೆ ಒಂದು ದಿನ ನೆಗಡಿಯಾಗಿದ್ದನ್ನು ಕಂಡವರಿಲ್ಲ. ಅರ್ಧ ಲಾಂಡ್ರಿಯ ಮೈಯಲ್ಲಿ ಇವಳದೇ ರಕ್ತ ಹರಿಯುತ್ತಿದೆ ಎಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಇನ್ನು ಅಪ್ಪ. ಒಂದು ಬಹುಮಹಡಿ ಅಂಗಡಿಯಲ್ಲಿ ಆಯುಷ್ಯವೆಲ್ಲ ಲಿಫ್ಟ್ ನಡೆಸಿದವನು. ಪಾರ್ಶ್ವವಾಯು ಹೊಡೆದು ಬಲಗಡೆ ಸತ್ತುಹೋಯಿತು, ಮಾತು ನಿಂತುಹೋಯಿತು, ಅದಕ್ಕಿಂತ ಹೆಚ್ಚಾಗಿ ನುಂಗುವುದೇ ಮರೆತುಹೋಯಿತು. ಬಾಯಿಗಿಟ್ಟ ತುತ್ತು ದವಡೆಯಲ್ಲೇ ಕೂತಿರುತ್ತಿತ್ತು. ಅದಕ್ಕೊಂದು ಉಪಾಯ ಕಂಡುಕೊಂಡವಳು ಅವನ ಜೊತೆಗಿದ್ದ ಅಕ್ಕ. ಗಲ್ಲದ ಕೆಳಗೆ ಬೆರಳಿಂದ ಮೆಲ್ಲಗೆ ಸವರಿ "ಬಾಗಿಲು" ಎನ್ನುತ್ತಿದ್ದಳು, ಅಪ್ಪ ಬಾಯಿ ತೆರೆಯುತ್ತಿದ್ದ. "ಕೆಳಗೆ" ಎನ್ನುತ್ತಿದ್ದಳು, ನುಂಗುತ್ತಿದ್ದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬೇರೆಯಾಗಿದ್ದ ತಂಗಿ ರಜೆಯ ದಿನ ಬಂದಾಗ ಅದೇ ಬೆರಳು, ಅದೇ ಮಾತು ಇಟ್ಟು ನೋಡಿದ್ದಳು. ಅಪ್ಪ ಅವಳನ್ನು ಪಿಳಿಪಿಳಿ ನೋಡಿದನೇ ಹೊರತು ತುಟಿ ಬಿಚ್ಚಲಿಲ್ಲ.

"ನಾನೇನು ಪರಕೀಯಳಾ?" ಎಂದು ತಂಗಿ ಮುನಿಸಿಕೊಂಡಿದ್ದಳು.

"ನಿನ್ನ ದನಿ ಜೋರು ಕಣೆ. ಅಪ್ಪ ಮೇಸ್ತ್ರಿ ಬಂದ ಅಂದ್ಕೊಳ್ಳುತ್ತೆ," ಎಂದು ಅಕ್ಕ ನಕ್ಕಿದ್ದಳು.

ಕೊರೊನಾ ಊರೆಲ್ಲ ಹಬ್ಬಿದ್ದ ಕಾಲದಲ್ಲೇ ಅಪ್ಪ ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯವರು ಅವನಿಗೆ ಪರೀಕ್ಷೆ ಮಾಡಿ, ಸೋಂಕಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಸೇರಿಸಿಕೊಂಡು, ಮಕ್ಕಳನ್ನು ಹೊರಗೆ ನಿಲ್ಲಿಸಿದರು. ವಾರ್ಡಿನ ನರ್ಸಮ್ಮ ಒಳ್ಳೆಯವಳೇ. ಗೇಟಿನ ತನಕ ಬಂದು ಹೇಳಿದಳು: "ಊಟದ ವಿಷಯ ಕಷ್ಟ ಆಗ್ತಿದೆ ಅಮ್ಮ. ನಮಗೆ ಒಂದು ಚಮಚಾನೂ ಇಳಿಸೋಕೆ ಆಗ್ತಿಲ್ಲ. ನಿಮ್ಮಲ್ಲಿ ಯಾರು ತಿನ್ನಿಸ್ತೀರೋ ಅವರು ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದ್ರೆ ಒಬ್ಬರನ್ನ ಒಳಗೆ ಬಿಡ್ತೀವಿ."

ಯಾರು ಹೋಗಬೇಕು ಎಂಬುದರಲ್ಲಿ ಮಾತೇ ಇರಲಿಲ್ಲ. ಮಾತಿದ್ದದ್ದು ಅಕ್ಕನ ಮೂಗಿನ ಬಗ್ಗೆ. ಅಪ್ಪ ಬಿದ್ದ ದಿನದಿಂದ ಅವಳಿಗೆ ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಅತ್ತದ್ದಕ್ಕೋ, ಲಾಂಡ್ರಿಯ ದೂಳಿಗೋ, ಇನ್ನು ಯಾವುದಕ್ಕೋ ಯಾರಿಗೆ ಗೊತ್ತು.

"ನಂಗೆ ಬಂದಿದೆ ಅನ್ಸುತ್ತೆ ಕಣೆ," ಎಂದಳು ಅಕ್ಕ. ಹೇಳುವಾಗ ಅವಳ ಮುಖ ಬಿಳಿಚಿಕೊಂಡಿತ್ತು. "ಪಾಸಿಟಿವ್ ಅಂತ ಬಂದ್ಬಿಟ್ರೆ ಅಪ್ಪಂಗೆ ಯಾರು ಗತಿ?"

"ಬರಲ್ಲ. ನಾನು ಹೋಗ್ತೀನಿ ಬದಲಿಗೆ."

"ಹುಚ್ಚಿ. ಇದು ಲಾಂಡ್ರಿ ತಪಾಸಣೆ ಅಲ್ಲ."

"ಎಲ್ಲಾ ಒಂದೇ. ಅಲ್ಲಿ ತೋಳು, ಇಲ್ಲಿ ಮೂಗು. ನೀನು ಒಳಗೆ ಹೋದಾಗ ಮುಖಕ್ಕೆ ಎರಡು ಮಾಸ್ಕ್ ಹಾಕ್ಕೊ, ಕೈ ತೊಳ್ಕೊ, ಅಪ್ಪನ ಕಡೆ ಕೆಮ್ಮಬೇಡ. ಆಯ್ತಲ್ಲ."

ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅಪ್ಪ ಹಸಿದು ಮಲಗಿದ್ದಾನೆ ಎಂಬುದರ ಮುಂದೆ ಆ ತಪ್ಪು ಅವರಿಗೆ ಸಣ್ಣದಾಗಿ ಕಂಡಿತು. ಅಕ್ಕ ತನ್ನ ಗುರುತಿನ ಚೀಟಿ, ಫೋನು ಎರಡನ್ನೂ ತಂಗಿಯ ಕೈಗಿಟ್ಟಳು. ಚೀಟಿಯಲ್ಲಿದ್ದ ಹಳೆಯ ಫೋಟೋ ಅಕ್ಕನಿಗಿಂತ ತಂಗಿಯನ್ನೇ ಹೆಚ್ಚು ಹೋಲುತ್ತಿತ್ತು.

ಪರೀಕ್ಷೆಯ ಡೇರೆ ಒಂದು ಶಾಲೆಯ ಆಟದ ಮೈದಾನದಲ್ಲಿತ್ತು. ನೆಲದ ಮೇಲೆ ಸುಣ್ಣದ ವೃತ್ತಗಳು, ಒಂದೊಂದರಲ್ಲಿ ಒಬ್ಬೊಬ್ಬರು. ಯಾರಾದರೂ ಕೆಮ್ಮಿದರೆ ಸಾಲೆಲ್ಲ ತಿರುಗಿ, ಕಳ್ಳನನ್ನು ಹಿಡಿದವರ ಹಾಗೆ ದುರುಗುಟ್ಟಿ ನೋಡುತ್ತಿತ್ತು. ಮುಂದಿನ ವೃತ್ತದ ಗಡಿಯಾರ ರಿಪೇರಿಯವನು ಜೇಬಿನಿಂದ ಸೋಪಿನ ತುಂಡು ತೆಗೆದು ಮೂಸಿ ಮತ್ತೆ ಒಳಗಿಡುತ್ತಿದ್ದ, ಮತ್ತೆ ತೆಗೆಯುತ್ತಿದ್ದ.

"ವಾಸನೆ ಹೋದ್ರೆ ಬಂದಿದೆ ಅಂತ ಲೆಕ್ಕವಂತೆ," ಎಂದ ಅವನು, ಸೋಪನ್ನು ಅವಳ ಕಡೆ ಚಾಚಿ. "ನೀವೂ ನೋಡ್ಕೊಳ್ಳಿ."

ತಂಗಿ ಮಾಸ್ಕ್ ಸರಿಸಿ ಮೂಸಿದಳು. ಏನೂ ಬರಲಿಲ್ಲ. "ನಾನು ಲಾಂಡ್ರಿಯವಳು ಸ್ವಾಮಿ. ಬ್ಲೀಚು ಕುಡಿದು ಕುಡಿದು ನಮ್ಮ ಮೂಗು ಸತ್ತು ಯಾವ ಕಾಲವಾಯ್ತೋ. ನಮಗೆ ಈ ಲೆಕ್ಕ ನಡೆಯಲ್ಲ," ಎಂದು ನಕ್ಕಳು. ಅವನೂ ನಕ್ಕ. ಅವಳು ಹೇಳಿದ್ದು ನಿಜವೇ. ಲಾಂಡ್ರಿಯ ಯಾವ ಹೆಂಗಸಿಗೂ ಸೋಪಿನ ವಾಸನೆ ಬರುತ್ತಿರಲಿಲ್ಲ.

ಮೈತುಂಬ ಪ್ಲಾಸ್ಟಿಕ್ ತೊಟ್ಟಿದ್ದ ಹೆಂಗಸು ಹೆಸರು ಕೇಳಿದಳು. ತಂಗಿ ಅಕ್ಕನ ಹೆಸರು ಹೇಳಿದಳು. ನಾಲಗೆ ತಡವರಿಸಲಿಲ್ಲ, ಅಷ್ಟು ವರ್ಷಗಳ ಅಭ್ಯಾಸ. "ತಲೆ ಹಿಂದಕ್ಕೆ ಹಾಕಿ," ಎಂದಳು ಆಕೆ. ಕಡ್ಡಿ ಮೂಗಿನೊಳಗೆ ಹೋಯಿತು, ಹೋಗುತ್ತಲೇ ಇತ್ತು, ಮಿದುಳಿಗೇ ತಾಗಿತೇನೋ ಎನ್ನುವ ಹಾಗೆ. ಒಂದು ಕಣ್ಣಿನಿಂದ ನೀರು ಗಳಗಳ ಇಳಿಯಿತು. ಅಪ್ಪನಿಗೋಸ್ಕರ ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡು ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಬರುವಾಗ ಅವಳಿಗೆ ಬಹಳ ಹಗುರವಾಗಿತ್ತು, ಕೆಲಸ ಮುಗಿಸಿದವಳ ಹಗುರ.

ಅಂದು ಅಕ್ಕನ ಮನೆಯಲ್ಲೇ ಉಳಿದಳು. ಅಕ್ಕ ಅಪ್ಪನ ಬಟ್ಟಲು, ಚಮಚ ತೊಳೆದು, ಒಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟುಕೊಂಡಿದ್ದಳು. ಮಾರನೆಯ ದಿನ ಫೋನು ಟಿಣ್ ಎಂದಿತು. ಅಕ್ಕ ಓದಿದಳು, ಮತ್ತೊಮ್ಮೆ ಓದಿದಳು, ಫೋನನ್ನು ತಂಗಿಯ ಕಡೆ ಸರಿಸಿದಳು. ಪಾಸಿಟಿವ್ ಎಂದಿತ್ತು.

"ಯಾರದೋ ಜೊತೆ ಅದಲುಬದಲು ಆಗಿರಬೇಕು," ಎಂದಳು ಅಕ್ಕ. ಹೇಳಿ ಮುಗಿಸುವಷ್ಟರಲ್ಲಿ ತಾನು ಹೇಳಿದ್ದೇನೆಂದು ಅವಳಿಗೇ ಕೇಳಿಸಿತು. ಅದಲುಬದಲು ಮಾಡಿದವರು ಯಾರು?

ತಂಗಿ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಕೆಮ್ಮಿಲ್ಲ, ಜ್ವರವಿಲ್ಲ, ಕಲ್ಲು ತಿಂದು ಅರಗಿಸುವ ಹಾಗಿದ್ದಾಳೆ. ಆದರೂ ಕಾಯಿಲೆ ಅವಳೊಳಗೇ ಇತ್ತು. ಅದನ್ನು ಅವಳೇ ನಡೆದುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಅಕ್ಕನ ಹೆಸರಿಗೆ ಬರೆಸಿ ಬಂದಿದ್ದಳು.

ಆಗಲೇ ಆಸ್ಪತ್ರೆಯ ಗೇಟಿಗೆ ಫೋನ್ ಮಾಡಿ ನಿಜ ಹೇಳಿದರು. ಅತ್ತ ಕಡೆಯವನು ಹೆಸರು ನೋಡಿ, "ನಿಮ್ಮ ಹೆಸರು ಪಟ್ಟಿಗೆ ಬಂದಾಗಿದೆ ಅಮ್ಮ, ಗೇಟಿನ ಹತ್ರ ಬರಬೇಡಿ," ಎಂದು ಇಟ್ಟುಬಿಟ್ಟ. ಬೆಳಗಾಗುವಷ್ಟರಲ್ಲಿ ವ್ಯಾನು ಬಾಗಿಲಿಗೆ ಬಂತು. ಬೀದಿಯ ಕಿಟಕಿಗಳೆಲ್ಲ ಒಂದೊಂದು ಬೆರಳಷ್ಟು ತೆರೆದುಕೊಂಡವು.

"ಅಣ್ಣ, ಅವಳನ್ನ ಕರ್ಕೊಂಡು ಹೋಗಬೇಡಿ," ಎಂದು ತಂಗಿ ಅಡ್ಡ ನಿಂತಳು. "ಕಡ್ಡಿ ಹಾಕಿಸ್ಕೊಂಡೋಳು ನಾನು. ಅದು ನನ್ನ ಮೂಗು."

ವ್ಯಾನಿನವನಿಗೆ ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದ. "ಎಲ್ಲರೂ ಹೀಗೇ ಹೇಳ್ತಾರಮ್ಮ. ನಿನ್ನೆ ಒಬ್ಬರು, ಅದು ನಮ್ಮ ಅಳಿಯನ ಮೂಗು ಅಂದ್ರು. ಅವರಿಗೆ ಮದುವೆ ಆಗಿರೋ ಮಗಳೇ ಇಲ್ಲ."

"ದೇವರಾಣೆ ಅಣ್ಣ."

"ನಿಮ್ಮದೇ ಆಗಿದ್ರೆ ನೀವು ನಿಮ್ಮ ಹೆಸರಲ್ಲಿ ಹೋಗಿ ಮಾಡಿಸಿ. ನನ್ನ ಚೀಟೀಲಿ ಇವರ ಹೆಸರಿದೆ, ನಾನು ಇವರನ್ನ ಕರ್ಕೊಂಡು ಹೋಗಬೇಕು."

ಅಕ್ಕ ವ್ಯಾನು ಹತ್ತಿದಳು. ತಂಗಿ ಹಾಗೇ ಡೇರೆಗೆ ನಡೆದು, ಈ ಸಲ ತನ್ನ ಹೆಸರಿನಲ್ಲಿ ತನ್ನ ಮೂಗು ಕೊಟ್ಟಳು. ಫಲಿತಾಂಶ ಗೊತ್ತಿದ್ದದ್ದೇ. ಸಂಜೆಗೆ ಜ್ವರವೂ ಬಂತು, ಬೇಕಾದರೆ ಈಗ ನಂಬಿ ಎನ್ನುವ ಹಾಗೆ. ಸೋಂಕಿತರನ್ನಿಡುವ ಕೇಂದ್ರದಲ್ಲಿ ಜಾಗವಿಲ್ಲವೆಂದು ಅವಳನ್ನು ಮನೆಯಲ್ಲೇ ಬಿಟ್ಟು, ಬಾಗಿಲಿಗೊಂದು ಕೆಂಪು ಕಾಗದ ಅಂಟಿಸಿ ಹೋದರು. ಕಾಯಿಲೆಯವಳು ಮನೆಯಲ್ಲಿ, ಇಲ್ಲದವಳು ಕಾಯಿಲೆಯವರ ನಡುವೆ. ಎಂಥ ಚಂದದ ವ್ಯವಸ್ಥೆ.

ಅಕ್ಕ ಅಲ್ಲಿಂದ ಫೋನ್ ಮಾಡುತ್ತಿದ್ದಳು. "ಇಲ್ಲಿ ಎಲ್ಲರೂ ಕೆಮ್ತಾರೆ, ನಾನೊಬ್ಬಳೇ ಸುಮ್ನಿರೋದು. ಪಕ್ಕದ ಮಂಚದ ಅಜ್ಜಿ, ನಿಂಗೇನೇ ರೋಗ ಮಗಳೇ ಅಂತ ಕೇಳ್ತಾರೆ." ನೆಗಡಿ ಬಂದ ಹಾಗೇ ಹೋಗಿತ್ತು. ಬರೀ ನೆಗಡಿಯಾಗಿತ್ತು. ಮೊದಲ ದಿನವೇ ಅವಳು ಹೋಗಿ ತಲೆ ಹಿಂದಕ್ಕೆ ಹಾಕಿದ್ದರೆ ಮರುದಿನವೇ ಅಪ್ಪನ ಪಕ್ಕದಲ್ಲಿರುತ್ತಿದ್ದಳು. ಇದನ್ನು ಅಕ್ಕ ಹೇಳಲಿಲ್ಲ. ತಂಗಿ ಮಾತ್ರ ಜ್ವರದಲ್ಲಿ ಮಲಗಿಕೊಂಡು ಅದೊಂದನ್ನೇ ಯೋಚಿಸಿದಳು.

ದಿನವೂ ನರ್ಸಮ್ಮನಿಗೆ ಫೋನ್ ಮಾಡುವುದು ಅವಳ ಪಾಲಿಗೆ ಬಂತು. "ಬಾಗಿಲು ಅನ್ನಿ ಸಿಸ್ಟರ್, ಬಾಯಿ ತೆರೆಯುತ್ತೆ. ಆಮೇಲೆ ಕೆಳಗೆ ಅನ್ನಿ."

"ಅಂದೆ ಅಮ್ಮ. ಅಂದ ಕೂಡಲೇ ಬಾಯಿ ತೆರೆದ್ರು. ಆದ್ರೆ ನನ್ನ ನೋಡಿ ಮುಚ್ಕೊಂಡ್ರು. ನಿಜವಾದ ಬಾಗಿಲ ಕಡೆ ನೋಡ್ತಿರ್ತಾರೆ."

ಇನ್ನೊಂದು ದಿನ ನರ್ಸಮ್ಮ ಹೇಳಿದಳು, ಹೇಳಬಾರದಿತ್ತೇನೋ, ಆದರೂ ಹೇಳಿದಳು: "ಓಡಾಡೋ ಸದ್ದು ಕೇಳಿದಾಗೆಲ್ಲ ಬಾಯಿ ತೆರೆದು ಕಾಯೋರು ಅಮ್ಮ. ಯಾರ ಹೆಜ್ಜೆ ಆದ್ರೂ ಸರಿ. ಈಗ ಅದೂ ನಿಂತಿದೆ. ಮೂಗಿಂದ ನಳಿಗೆ ಹಾಕಿದ್ದೀವಿ, ಜೀವಕ್ಕೇನೂ ತೊಂದರೆ ಇಲ್ಲ."

ತಂಗಿ ಫೋನಿಟ್ಟು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಬಾಯಿ ತೆರೆದುಕೊಂಡು ಕಾಯುವ ಅಪ್ಪನನ್ನು ಕಣ್ಣಿಂದ ತೆಗೆಯಲು ಅವಳಿಗೆ ಆಗಲಿಲ್ಲ.

ಕ್ವಾರಂಟೈನ್ ಅವಧಿ ಮುಗಿದ ಮೇಲೆ ಇಬ್ಬರಿಗೂ ಮತ್ತೆ ಪರೀಕ್ಷೆಯಾಯಿತು. ಇಬ್ಬರಿಗೂ ನೆಗೆಟಿವ್. ಅಕ್ಕ ಕೇಂದ್ರದಿಂದ ನೇರ ಆಸ್ಪತ್ರೆಗೆ ಬಂದಳು. ತಂಗಿ ಬಟ್ಟಲು, ಚಮಚದ ಚೀಲ ತಂದಿದ್ದಳು, ಗಂಜಿಯನ್ನು ಬೆಚ್ಚಗೆ ಡಬ್ಬಿಯಲ್ಲಿಟ್ಟು. ಒಳಗೆ ಒಬ್ಬರಿಗೇ ಅಪ್ಪಣೆ. ನರ್ಸಮ್ಮ ಕನಿಕರದಿಂದ ತಂಗಿಯನ್ನು ವಾರ್ಡಿನ ಗಾಜಿನ ಬಾಗಿಲ ತನಕ ಬಿಟ್ಟಳು.

ಅಪ್ಪ ಅರ್ಧಕ್ಕರ್ಧ ಇಳಿದುಹೋಗಿದ್ದ. ಮೂಗಿನ ನಳಿಗೆಯನ್ನು ಕೆನ್ನೆಗೆ ಪಟ್ಟಿ ಹಚ್ಚಿ ಅಂಟಿಸಿದ್ದರು. ಅಕ್ಕ ಬಾಗಿದಾಗ ಅವನ ಕಣ್ಣು ಅವಳ ಮೇಲೆ ನಿಂತಿತು. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ, ಎಡಗೈ ಹೊದಿಕೆಯ ಮೇಲೆ ಸ್ವಲ್ಪ ಅಲುಗಿತು. ಅಕ್ಕ ಗಲ್ಲ ಸವರಿದಳು, ಏನೋ ಹೇಳಿದಳು, ಚಮಚವನ್ನು ತುಟಿಯ ಹತ್ತಿರ ಹಿಡಿದಳು. ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಕ್ಕ ಮಂಚದ ಆ ಬದಿಗೆ ಹೋದಳು. ಅವನು ಮುಖವನ್ನು ಈ ಬದಿಗೆ ಹೊರಳಿಸಿದ. ನರ್ಸಮ್ಮ ಬಂದು ಭುಜ ಮುಟ್ಟುವ ತನಕ ಅಕ್ಕ ಚಮಚ ಹಿಡಿದೇ ಇದ್ದಳು.

ನಳಿಗೆ ಇನ್ನು ತೆಗೆಯುವ ಹಾಗಿಲ್ಲ, ಅದರ ಜೊತೆಗೇ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಅವನು ಮತ್ತೆ ಬಾಯಿಂದ ತಿನ್ನಬಹುದೇ ಎಂದು ತಂಗಿ ಕೇಳಿದಳು. ಕಾಯಿಲೆ ಅಡ್ಡ ಬರುತ್ತಿಲ್ಲ, ಅವರಿಗೇ ಮನಸ್ಸಿಲ್ಲ, ಅದಕ್ಕೆ ನಮ್ಮಲ್ಲಿ ಔಷಧವಿಲ್ಲ ಎಂದರು ಅವರು.

ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ತುಂಬಿದ ಬಟ್ಟಲು. ಬೈದರೆ ಸಾಕು, ಎರಡು ಏಟು ಹಾಕಿದರೂ ಸರಿ ಎಂದುಕೊಂಡು ತಂಗಿ ಪಕ್ಕದಲ್ಲಿ ಕೂತಳು. ಅಕ್ಕ ಬೈಯಲಿಲ್ಲ.

"ನಾಳೆ ನೀನು ಹೋಗು ಒಳಗೆ," ಎಂದಳು.

"ನಾನಾ? ನನ್ನ ಕೈಯಿಂದ ಅಪ್ಪ ಯಾವತ್ತು ತಿಂದಿದೆ ಅಕ್ಕ?"

"ನನ್ನ ಕೈಯಿಂದಲೂ ತಿನ್ನಲ್ಲ," ಎಂದಳು ಅಕ್ಕ. "ಇನ್ಮೇಲೆ ಅಪ್ಪಂಗೆ ನಾವಿಬ್ರೂ ಒಂದೇ ಕಣೆ."