ಅಕ್ಷರ ಯಾರದು ಚೆಂದ

ಕುರುಗೋಡಿನ ಮನೆಯ ಪಡಸಾಲೆಯಲ್ಲಿ ದಾಕ್ಷಾಯಣಿ ಪಿಯುಸಿ ಹುಡುಗಿಯರಿಗೆ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದಳು. ಬೋರ್ಡಿನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. “ಅಕ್ಷರ ಯಾರದು ಚೆಂದ ಐತಿ, ಬರ್ರಿ” ಎಂದು ಚಾಕ್‌ಪೀಸ್ ಚಾಚುತ್ತಿದ್ದಳು. ಹೆಚ್ಚಾಗಿ ಏಳುತ್ತಿದ್ದವಳು ಸರೋಜಾ. ಅಕ್ಕ ತಮಗೆ ಬರೆಯುವ ರೂಢಿ ಮಾಡಿಸುತ್ತಾಳೆಂದೇ ಹುಡುಗಿಯರು ನಂಬಿದ್ದರು.

ಬಾಯಲ್ಲಿ ಸರಾಗವಾಗಿ ಬರುವ ವಾಕ್ಯ ದಾಕ್ಷಾಯಣಿಯ ಕೈಗಿಳಿಯುವಷ್ಟರಲ್ಲಿ ಚೂರಾಗುತ್ತದೆಂಬುದು ಮನೆಯವರನ್ನು ಬಿಟ್ಟರೆ ಬಳ್ಳಾರಿಯ ಕಾಲೇಜಿಗಷ್ಟೇ ಗೊತ್ತಿತ್ತು. ಬಿಎಸ್ಸಿ ಪರೀಕ್ಷೆಗಳಲ್ಲಿ ಅವಳು ಬೇರೆ ಕೋಣೆಯಲ್ಲಿ ಕೂತು ಉತ್ತರ ಹೇಳುತ್ತಿದ್ದಳು; ಕೆಳಗಿನ ತರಗತಿಯವರೊಬ್ಬರು ಬರೆಯುತ್ತಿದ್ದರು.

ಸಸ್ಯಶಾಸ್ತ್ರದ ದಿನ, ಬರೆಯಬೇಕಿದ್ದ ಸಿರುಗುಪ್ಪದ ಹುಡುಗಿಗೆ ಜ್ವರ. ಉಪನ್ಯಾಸಕ ವೇದವ್ಯಾಸರು ಪಕ್ಕದ ಪಿಯು ಕಾಲೇಜಿನಿಂದ ಇನ್ನೊಬ್ಬಳನ್ನು ಕರೆತಂದರು. ಸರೋಜಾ.

“ಅಕ್ಕಾ! ನಿಮ್ಮನ್ನೂ ಬರಿಯಾಕ ಕರದಾರೇನ್ರಿ? ಯಾರಿಗಂತ?”

ದಾಕ್ಷಾಯಣಿಯ ಕಿವಿ ಬಿಸಿಯಾದವು. “ಸರ್, ಬ್ಯಾರೆ ಯಾರರ ಸಿಗಂಗಿಲ್ಲೇನ್ರಿ?”

“ಬೆಲ್ ಆತಲ್ಲಮ್ಮ. ಈಗ ಯಾರನ್ನ ಹುಡುಕ್ಲಿ? ಕೂಡು.”

“ನೀ ಬರೀಬೇಕಾದ್ದು ನನಗೇ” ಎಂದಳು ದಾಕ್ಷಾಯಣಿ ಸರೋಜಾಳಿಗೆ. ಸರೋಜಾಳ ನಗು ನಿಂತಿತು. ಪೆನ್ನಿನ ಮುಚ್ಚಳ ತೆಗೆದಳು.

ಮೊದಲ ಉತ್ತರ ಎಷ್ಟು ಮೆಲ್ಲಗೆ ಬಂತೆಂದರೆ ಸರೋಜಾ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಎರಡನೆಯದು, ಗಿಡದಲ್ಲಿ ನೀರು ಹೇಗೆ ಮೇಲೇರುತ್ತದೆ ಎಂಬುದು. ದಾಕ್ಷಾಯಣಿ ಅದನ್ನು ಹೇಳದೆ ಕಿಟಕಿಯತ್ತ ತಿರುಗಿದಳು. ಆದರೂ ಪೆನ್ನು ಓಡುವ ಸದ್ದು ಕೇಳುತ್ತಿತ್ತು.

“ಏನ್ ಬರದಿ? ಓದು.”

“ಎಲೆಯಿಂದ ನೀರು ಆವಿಯಾದಂತೆ, ಬಾವಿಯ ಹಗ್ಗವನ್ನು ಮೇಲಿನಿಂದ ಸೇದಿದ ಹಾಗೆ, ಬೇರಿನ ನೀರು ಕಾಂಡದೊಳಗೆ ಏರುತ್ತದೆ...” ಸರೋಜಾ ತಲೆ ಎತ್ತಲಿಲ್ಲ. “ನೀವು ಹೇಳಿಕೊಟ್ಟಿದ್ದೇ ಅಲ್ಲೇನ್ರಿ ಅಕ್ಕಾ.”

“ಇವತ್ತು ಹೇಳಿಲ್ಲಲ್ಲ. ಹೊಡದಾಕು.”

“ಸರಿ ಐತಲ್ರಿ...”

“ಹೊಡದಾಕು ಅಂದ್ನಲ್ಲ.”

ಸರೋಜಾ ಸ್ಕೇಲಿಟ್ಟು ಗೆರೆ ಎಳೆದಳು. ಅದರ ಕೆಳಗೆ ಬರೆಯಲು ದಾಕ್ಷಾಯಣಿ ಅದೇ ವಾಕ್ಯವನ್ನು ಮೊದಲಿನಿಂದ ಹೇಳಿದಳು. ಒಂದು ಪದವೂ ಬೇರೆಯಾಗಲಿಲ್ಲ.

ಭಾನುವಾರ ಟ್ಯೂಷನ್. ದಾಕ್ಷಾಯಣಿ ಎಂದಿನಂತೆ ಚಾಕ್‌ಪೀಸ್ ಚಾಚಿದಳು. “ಅಕ್ಷರ ಯಾರದು...”

“ಸರೋಜಂದೇ ಬಿಡ್ರಿ ಅಕ್ಕಾ, ನಮ್ದು ಕೋಳಿ ಕೆದರಿದಂಗ” ಎಂದಳು ಒಬ್ಬಳು. ಸರೋಜಾ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದಳು. ಅಕ್ಕನ ಆ ನೆಪಕ್ಕೆ ಎದ್ದು ಬರಲು ಅವಳಿಗೆ ಆಗುತ್ತಿರಲಿಲ್ಲ.

“ನನಗ ಬರಿಯಾಕ ಬರಂಗಿಲ್ಲ” ಎಂದಳು ದಾಕ್ಷಾಯಣಿ.

ಹುಡುಗಿಯರು ತಮಾಷೆಯೆಂದು ಗೊಳ್ಳೆಂದು ನಕ್ಕರು. ನಗು ಮುಗಿಯುವವರೆಗೂ ನಿಂತಿದ್ದು, ಅವಳು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.