ಓದದೆ ಒತ್ತದ ಶಾಹಿಸ್ತಾ

ಜಗತ್ತೆಲ್ಲ ಓದದೆಯೇ ‘ಒಪ್ಪಿದೆ’ ಎಂದು ಒತ್ತಿ ಮುಂದೆ ಸಾಗುವ ಈ ಕಾಲದಲ್ಲಿ, ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಾಹಿಸ್ತಾ, ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಎಚ್ಚರಿಕೆಯನ್ನು ಮೊದಲು ತುಟಿಯೊಳಗೆ, ಆಮೇಲೆ ಗಿರಾಕಿಗೆ ಕೇಳುವಂತೆ ಕನ್ನಡದಲ್ಲಿ ಓದಿ, ಅವರು ತಲೆಯಾಡಿಸಿದ ಮೇಲಷ್ಟೇ ಗುಂಡಿ ಒತ್ತುತ್ತಾಳೆ. ಬುರ್ಖಾದ ಮೇಲೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಂದೆ ಬಡೇಸಾಬರ ಖಾಕಿ ಕೋಟು. ಕಿಸೆ ತುಂಬ ಸ್ಕ್ರೂಡ್ರೈವರುಗಳು. ಎಡಗಾಲನ್ನು ತುಸು ಎಳೆದು ನಡೆಯುವುದರಿಂದ ಅವುಗಳ ಕಿಣಿಕಿಣಿಗೆ ಒಂದು ಲಯವೂ ಉಂಟು. ನನ್ನ ಪ್ರಿಂಟರು ಆಕೆಯ ಕಾಯಂ ರೋಗಿ. ಹಾಗಾಗಿ ನಾನು ಆ ಅಂಗಡಿಯ ಕಾಯಂ ಸಾಕ್ಷಿ.

ಮೊಹರಂಗೆ ತಿಂಗಳಿದ್ದಾಗ ಮುರಗೋಡದ ನಿಜಗುಣಪ್ಪ, ತಮ್ಮನ ಮಗ ವಿರೂಪಾಕ್ಷನೊಡನೆ ಅಲ್ಲಿಗೆ ಬಂದರು. ಮೂವತ್ತು ವರ್ಷ ಮೊಹರಂನ ಬೆಂಕಿಕುಣಿ ಅಲಾವಿಯ ಸುತ್ತ ನಿಂತು, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡಿದ ಕಂಠ ಅದು. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಅವರ ಮಾತೆಲ್ಲ ಕೈಯಲ್ಲಿನ ಪಾಟಿಯ ಮೇಲೆ, ಬಳಪದಲ್ಲಿ. ಅವರ ಧ್ವನಿ ಉಳಿದದ್ದು ಒಂದೇ ಕಡೆ: ವಿರೂಪಾಕ್ಷ ವರುಷ ವರುಷ ರೆಕಾರ್ಡ್ ಮಾಡಿ, ಹಾಡಿಗೆಂದೇ ಲ್ಯಾಪ್‌ಟಾಪಿಗೆ ಹಾಕಿಸಿದ ಎರಡನೆಯ ಡ್ರೈವಿನಲ್ಲಿ ಇಟ್ಟಿದ್ದ ಐವತ್ತೆರಡು ಪದಗಳು. ಅವರ ಹಾಡಿನ ಮೇಳದ ಹೊಸಬರು ಅವನ್ನು ಕೇಳಿಯೇ ಕಲಿಯಬೇಕಿತ್ತು. ಸಾಲಿಡ್ ಸ್ಟೇಟ್ ಅನ್ನುವ ಜಾತಿಯ ಆ ಡ್ರೈವಿನ ಸ್ಟೇಟ್ ಮಾತ್ರ ಅಷ್ಟೇನೂ ಸಾಲಿಡ್ ಆಗಿರಲಿಲ್ಲ. ಚಾಲೂ ಆದ ನಾಲ್ಕೇ ನಿಮಿಷಕ್ಕೆ ಕಾಣೆಯಾಗುತ್ತಿತ್ತು. ಅದನ್ನು ದುರಸ್ತಿ ಮಾಡಲು ತಯಾರಕರೇ ಕೊಟ್ಟ ಸಾಫ್ಟ್‌ವೇರು, ಈ ಲ್ಯಾಪ್‌ಟಾಪಿನಲ್ಲಿ ಬಾಗಿಲು ತೆರೆದು, ಯಂತ್ರವನ್ನೊಮ್ಮೆ ತಪಾಸಣೆ ಮಾಡಿ, ‘ಇಲ್ಲಿ ನಡೆಯುವುದಿಲ್ಲ’ ಎಂದು ಮುಚ್ಚಿಕೊಳ್ಳುತ್ತಿತ್ತು.

“ಅಕ್ಕಾರ, ಆ ತಪಾಸಣಿ ಹಾರಿಸಿ ಓಡ್ಸೂ ಯುಕ್ತಿ ಐತ್ರಿ,” ಎಂದ ವಿರೂಪಾಕ್ಷ. “ಎಲ್ಲಾರೂ ಮಾಡತಾರ.”

“ಎಲ್ಲಾರ ಡ್ರೈವಿನ್ಯಾಗ ನಿಮ್ಮ ದೊಡ್ಡಪ್ಪ ಹಾಡ್ಯಾರೇನು?”

“ಹಂಗಲ್ರೀ. ಅದು ಒಲ್ಲೆ ಅಂದ್ರ ಡ್ರೈವ್ ಸತ್ತಂಗ ಅಲ್ಲೇನ್ರಿ?”

“ಸತ್ತೈತಿ ಅಂತ ಎಲ್ಲಿ ಅಂದೈತೋ? ಈ ಮಶೀನಿನ ಗುರ್ತು ನನಗಿಲ್ಲ ಅಂದೈತಿ. ನಿನ್ನ ಗುರ್ತು ಊರಾಗ ಎಷ್ಟು ಮಂದಿಗೈತಿ?”

ಪಾಟಿಯ ಹಿಂದೆ ನಿಜಗುಣಪ್ಪನವರ ಭುಜಗಳು ಸದ್ದಿಲ್ಲದೆ ನಕ್ಕವು.

ಶಾಹಿಸ್ತಾ ಡ್ರೈವನ್ನು ಹೊರತೆಗೆದು, ತನ್ನಲ್ಲಿದ್ದ ಹಳೆಯ ಯಂತ್ರಗಳಿಗೆ ಒಂದೊಂದಾಗಿ ಜೋಡಿಸಿದಳು. ಮೂರು ಒಲ್ಲೆಂದವು. ಸವದತ್ತಿಯ ಶಾಲೆಯೊಂದು ಗುಜರಿಗೆ ಹಾಕಿದ್ದ ನಾಲ್ಕನೆಯದರಲ್ಲಿ ಸಾಫ್ಟ್‌ವೇರು ತೆರೆದು, ಡ್ರೈವನ್ನು ಹೆಸರು ಹಿಡಿದು ಗುರುತಿಸಿ, ದುರಸ್ತಿ ಆರಂಭಿಸಲೇ ಎಂದು ಕೇಳಿತು. ವಿರೂಪಾಕ್ಷ “ಒತ್ರಿ” ಎಂದ. ಆಕೆ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ, ಹಿರಿಯರತ್ತ ತಿರುಗಿದಳು.

“ಕಾಕಾ, ಒತ್ತಿದ್ರ ಎಲ್ಲಾ ಉಳೀಬಹುದು, ಎಲ್ಲಾ ಅಳಿಸಿ ಹೋಗಬಹುದು. ಯಾವುದಂತ ನನಗ ಗೊತ್ತಿಲ್ಲ. ಒತ್ತೂಕಿಂತ ಮದಲ ನಾಕ್ ನಾಕ್ ನಿಮಿಷ ಚಾಲೂ ಮಾಡಿ ಕಾಪಿ ತಗೀಬಹುದು, ಆದ್ರ ಅಷ್ಟರಾಗ ಅದು ಪೂರಾ ಕೈ ಕೊಟ್ರೂ ಕೊಡಬಹುದು. ಹೆಂಗ ಮಾಡೂಣು?”

ನಿಜಗುಣಪ್ಪ ‘ಕಾಪಿ’ ಎಂದು ಬರೆದರು.

“ಹಂಗಾರ ಯಾವ ಪದಾ ಮದಲ, ನೀವ ಹೇಳ್ರಿ.”

ಅವರು ಬರೆದದ್ದು, ಸುತ್ತಲ ಹತ್ತು ಹಳ್ಳಿಗೆ ತಮ್ಮ ಹೆಸರು ಮುಟ್ಟಿಸಿದ, ಕಾಳಗ ಹಾಡುವ ಕರ್ಬಲಾದ ಪದವನ್ನಲ್ಲ. ಅದೇ ಕಥೆಯಲ್ಲಿ ಕಾಳಗಕ್ಕೆ ಮೊದಲು ನಡೆಯುವ ಖಾಸೀಮನ ಲಗ್ನದ, ಯಾರೂ ಅಷ್ಟಾಗಿ ಕೇಳಿರದ ಒಂದು ಪದವನ್ನು. ವಿರೂಪಾಕ್ಷ ಹುಬ್ಬೇರಿಸಿದ್ದಕ್ಕೆ ಇನ್ನೊಂದು ಸಾಲು ಬರೆದರು: ‘ಇದರ ಧಾಟಿ ಮತ್ತ ಯಾರಿಗೂ ಬರೂದಿಲ್ಲ.’

ಮೂರು ದಿನ ಹೀಗೆಯೇ ನಡೆಯಿತು. ನಾಲ್ಕು ನಿಮಿಷ ಕೆಲಸ, ಅರ್ಧ ತಾಸು ವಿಶ್ರಾಂತಿ, ನಡುವೆ ಚಹಾ. ಕಾಪಿಯಾದ ಪ್ರತಿ ಪದವನ್ನೂ ಆಕೆ ಒಮ್ಮೆ ಕೇಳಿಸುತ್ತಿದ್ದಳು. ತಮ್ಮದೇ ಕಂಠ ತಮ್ಮೆದುರು ಹಾಡುತ್ತಿರುವಾಗ ಆ ಹಿರಿಯರು ನೆಲ ನೋಡುತ್ತ ಕೂತಿರುತ್ತಿದ್ದರು. ಮೂರನೆಯ ದಿನ ಇಳಿಹೊತ್ತಿಗೆ ನಲವತ್ತೊಂದು ಪದಗಳಾಗಿದ್ದವು. ಮುಂದಿನ ಸಲ ಚಾಲೂ ಮಾಡಿದಾಗ ಡ್ರೈವು ಏಳಲಿಲ್ಲ. ಗುರುತಿದ್ದ ಯಂತ್ರವೂ ಅದನ್ನು ಗುರುತಿಸಲಿಲ್ಲ.

ಶಾಹಿಸ್ತಾ ಕೈ ಹಿಂದೆಗೆದಳು. “ಹನ್ನೊಂದು ಹೋದೂವು ಕಾಕಾ. ಅವತ್ತ ಒತ್ತಿದ್ರ ಉಳೀತಿದ್ದೂವೋ ಏನೋ.”

ನಿಜಗುಣಪ್ಪ ಬರೆದರು: ‘ಹನ್ನೊಂದೂ ಮೇಳದವರಿಗೆ ಬರತಾವ.’

ಅವುಗಳಲ್ಲಿ ಕರ್ಬಲಾದ ಪದವೂ ಇತ್ತು. ಎಲ್ಲರಿಗೂ ಬರುತ್ತದೆಂದು ಅದನ್ನು ಅವರೇ ಕಟ್ಟಕಡೆಗೆ ಇಟ್ಟಿದ್ದರು. ಈ ಮೊಹರಂನಲ್ಲೂ ಅದನ್ನು ಹಾಡುತ್ತಾರೆ, ಬೇರೆಯವರ ಕಂಠದಲ್ಲಿ. ನಿಜಗುಣಪ್ಪ ಬರೆದದ್ದನ್ನು ಅಂಗೈಯಿಂದ ಒರೆಸಿದರು. ಆಮೇಲೆ ಎದ್ದು, ಆಕೆಯ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ನಡೆದರು.

ಬಲ್ಲವರೆಂದು ನಾವು ನಂಬುವವರಲ್ಲಿ ಹೆಚ್ಚಿನವರು ನಮ್ಮ ಪರವಾಗಿ ತಾವೇ ತೀರ್ಮಾನಿಸಿ, ನಮ್ಮನ್ನು ಚಿಂತೆಯಿಂದ ಬಿಡಿಸುತ್ತಾರೆ. ಶಾಹಿಸ್ತಾಳಂಥವರು ಹಾಗಲ್ಲ. ತಮ್ಮ ಅರಿವಿನ ಅಂಚಿನವರೆಗೆ ನಮ್ಮನ್ನು ಕೈಹಿಡಿದು ಕರೆತಂದು, ಇದರಾಚೆಗೆ ನನಗೂ ಕಾಣುವುದಿಲ್ಲ ಎಂದು ನಮ್ಮ ಪಕ್ಕದಲ್ಲೇ ನಿಂತುಬಿಡುತ್ತಾರೆ. ಅವರಿಂದ ನಷ್ಟ ತಪ್ಪುತ್ತದೆಂದೇನೂ ಇಲ್ಲ. ಕಳೆದುಕೊಳ್ಳುವವನನ್ನು, ಯಾವುದನ್ನು ಮೊದಲು ಉಳಿಸಿಕೊಳ್ಳುತ್ತೀ ಎಂದು ಕೇಳುವ ಮರ್ಯಾದೆ ಮಾತ್ರ ಅವರಲ್ಲಿ ಇರುತ್ತದೆ. ಅದು ಭಾರವಾದ ಮರ್ಯಾದೆ, ಕೊಡುವವರಿಗೂ, ಪಡೆಯುವವರಿಗೂ.